ಚಿತ್ರಕ್ಕಿಂತ ಮೊದಲು ಅದರ ಫೋಟೊ
ಭರವಸೆ, ಛಲ ಎಂಬ ವಿಷಯದ ಕಲಾ ಪ್ರದರ್ಶನಕ್ಕೆ ಚಿತ್ರ ಕಳಿಸುವ ದುರ್ಗದ ಗೆಳೆಯರಿಗೆ ಒಂದು ಮಾತು. ಆಯ್ಕೆ ಸಮಿತಿ ಸಾಮಾನ್ಯವಾಗಿ ಮೊದಲು ನೋಡುವುದು ಫೋಟೊ ಮಾತ್ರ. ಹೋದ ಸಲ ನಾನು ಗಾಜಿನ ಫ್ರೇಮ್ ಸಮೇತ ಟ್ಯೂಬ್‌ಲೈಟ್ ಕೆಳಗೆ ತೆಗೆದೆ. ಚಿತ್ರದ ಮೇಲೊಂದು ಬಿಳಿ ಗೆರೆ, ಪಕ್ಕದಲ್ಲಿ ನನ್ನದೇ ಮುಖ! ಆಯ್ಕೆಯಾಗಲಿಲ್ಲ.

ಈಗ ಗಾಜು ಬಿಚ್ಚಿ, ಬೆಳಗ್ಗೆ ಪಡಸಾಲೆಯ ನೆರಳಲ್ಲಿ ಗೋಡೆಗೆ ಒರಗಿಸಿ, ಫ್ಲ್ಯಾಷ್ ಇಲ್ಲದೆ ತೆಗೆಯುತ್ತೇನೆ. ಚಿತ್ರ ಎಷ್ಟು ವಾಲಿದೆಯೋ ಮೊಬೈಲನ್ನೂ ಅಷ್ಟೇ ವಾಲಿಸಿ. ಇಲ್ಲದಿದ್ದರೆ ಚೌಕ ಹೋಗಿ ಮೊರದ ಆಕಾರ ಬರುತ್ತದೆ. ಅಳತೆ ಬರೆಯುವಾಗ ಎತ್ತರ ಮೊದಲು, ಅಗಲ ಆಮೇಲೆ.

ಇನ್ನೊಂದು. ಛಲ ಅಂದ ತಕ್ಷಣ ಎಲ್ಲರೂ ಒನಕೆ ಓಬವ್ವನನ್ನೇ ಬರೆಯುತ್ತಾರೆ, ಅಲ್ವಾ? ತಪ್ಪೇನಿಲ್ಲ. ಆದರೆ ಮಳೆ ಕೈಕೊಟ್ಟ ಮರುವರ್ಷ ಬಿತ್ತನೆಗೆ ಶೇಂಗಾ ಸುಲಿಯುತ್ತಾ ಕೂತ ಚಳ್ಳಕೆರೆ ಅಜ್ಜಿಯ ಕೈ ಬರೆದು ನೋಡಿ.