ಐಇಎಲ್‌ಟಿಎಸ್‌ಗೆ ಇಂಗ್ಲಿಷ್ ಪದ ಕಲಿಯುವುದು ಹೇಗೆ?

ಕಳೆದ ವರ್ಷ ಒಬ್ಬ ಹುಡುಗ ತಿದ್ದೋಕೆ ಕೊಟ್ಟ ಪ್ರಬಂಧದಲ್ಲಿ ಹೀಗೊಂದು ಸಾಲಿತ್ತು: 'ಮೈ ಅಂಕಲ್ ಈಸ್ ನಟೋರಿಯಸ್ ಇನ್ ಅವರ್ ವಿಲೇಜ್ ಫಾರ್ ಹೆಲ್ಪಿಂಗ್ ದಿ ಪೂರ್.' ಪಾಪ, ಮಾವ. ಬಡವರಿಗೆ ಸಹಾಯ ಮಾಡಿ ಮಾಡಿ ಕುಖ್ಯಾತರಾಗಿಬಿಟ್ಟರು. ಹುಡುಗನನ್ನು ಬೈದು ಏನು ಪ್ರಯೋಜನ, ಅವನ ಪಟ್ಟಿಯಲ್ಲಿ ಆ ಪದದ ಮುಂದೆ 'ಪ್ರಸಿದ್ಧ' ಅಂತಷ್ಟೇ ಇತ್ತು. ಅಂಥ ಮೂರು ಸಾವಿರ ಪದಗಳ ಪಟ್ಟಿ, ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದು, ಅವನ ಫೋನಿನಲ್ಲಿತ್ತು.

ಐಇಎಲ್‌ಟಿಎಸ್ ಅಂದರೆ ಹೊರದೇಶಕ್ಕೆ ಓದೋಕೆ, ಕೆಲಸಕ್ಕೆ ಹೊರಟವರು ಬರೆಯುವ ಇಂಗ್ಲಿಷ್ ಪರೀಕ್ಷೆ. ಅದನ್ನು ಬರೆಯೋರಲ್ಲಿ ಈ ಪಟ್ಟಿ ಹುಚ್ಚು ಜಾಸ್ತಿ. ಪರೀಕ್ಷೆಗೆ ಎರಡು ತಿಂಗಳಿದೆ ಅನ್ನುವಾಗ ದಿನಕ್ಕೆ ಐವತ್ತು ಪದ ಅಂತ ಹಠ ಹಿಡಿದು ಕೂರುತ್ತಾರೆ. ಆದರೆ ಪರೀಕ್ಷೆಯಲ್ಲಿ ಯಾರೂ ನಿಮ್ಮನ್ನು ಕೂರಿಸಿಕೊಂಡು ಪದದ ಅರ್ಥ ಕೇಳುವುದಿಲ್ಲ. ರೈಟಿಂಗ್‌ನಲ್ಲಿ ಅಂಕ ಬೀಳುವುದು ನಾಲ್ಕು ಲೆಕ್ಕದಲ್ಲಿ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀರಾ, ಮಾತಿಗೆ ಮಾತು ಕೂಡಿಕೊಂಡಿದೆಯಾ, ಪದ ಹೇಗಿದೆ, ವ್ಯಾಕರಣ ಹೇಗಿದೆ. ಒಂದೊಂದಕ್ಕೂ ಕಾಲು ಭಾಗ. ಸ್ಪೀಕಿಂಗ್‌ನಲ್ಲೂ ಪದಕ್ಕೆ ಕಾಲು ಭಾಗವೇ. ಅಲ್ಲಿ 7 ಬ್ಯಾಂಡ್ (9ರವರೆಗೆ ಕೊಡುವ ಅಂಕಕ್ಕೆ ಇಲ್ಲಿ ಬ್ಯಾಂಡ್ ಅನ್ನುತ್ತಾರೆ) ಬೇಕು ಅಂದರೆ ಪರೀಕ್ಷಕರು ನೋಡುವುದು ಎರಡು: ಎಲ್ಲರ ಬಾಯಲ್ಲೂ ಇರದ ಪದ ಒಂದಷ್ಟು ಇವೆಯಾ, ಅವು ಸರಿಯಾದ ಪದದ ಪಕ್ಕದಲ್ಲಿ ಕೂತಿವೆಯಾ. ಮೊದಲನೆಯದರ ಹಿಂದೆ ಎಲ್ಲರೂ ಓಡುತ್ತಾರೆ. ಎರಡನೆಯದು ನೆನಪೇ ಇರೋದಿಲ್ಲ.

ಅರ್ಧ ಬ್ಯಾಂಡ್ ಅಂದರೆ ಸುಮ್ನೆ ಅಲ್ಲ. ಮಂಗಳೂರಲ್ಲಿ ನರ್ಸಿಂಗ್ ಮುಗಿಸಿ ಬ್ರಿಟನ್ನಿಗೆ ಹೊರಟವರಿಗೆ ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್‌ನಲ್ಲಿ 7, ರೈಟಿಂಗ್‌ನಲ್ಲಿ 6.5 ಬೇಕು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಈ ರೈಟಿಂಗ್‌ನಲ್ಲೇ, 6ಕ್ಕೆ ನಿಂತುಬಿಡುತ್ತದೆ.

ಹಾಗಾಗಿ ಪಟ್ಟಿ ಬದಿಗಿಡಿ. ಮೊದಲು ಒಂದು ಪ್ರಬಂಧ ಬರೆಯಿರಿ. ಗಡಿಯಾರ ಇಟ್ಟುಕೊಂಡು 40 ನಿಮಿಷ, 250 ಪದ, ನಗರದ ಟ್ರಾಫಿಕ್ ಬಗ್ಗೆಯೋ ಆನ್‌ಲೈನ್ ಪಾಠದ ಬಗ್ಗೆಯೋ ಯಾವುದಾದರೂ ಸರಿ. ಮಾರನೇ ದಿನ ಕೆಂಪು ಪೆನ್ ಹಿಡಿದು, ಒಂದೇ ಪದ ಎರಡಕ್ಕಿಂತ ಹೆಚ್ಚು ಸಲ ಬಂದಿದ್ದರೆ ಸುತ್ತು ಹಾಕಿ. ಒಬ್ಬಳು ಹೀಗೆ ಸುತ್ತು ಹಾಕಿದಾಗ 'ಪ್ರಾಬ್ಲಂ' ಒಂಬತ್ತು ಸಲ, 'ಪೀಪಲ್' ಹನ್ನೊಂದು ಸಲ, 'ಗುಡ್' ಏಳು ಸಲ ಸಿಕ್ಕಿತು. ಹಾಳೆ ನೋಡಿ ಅವಳೇ ನಕ್ಕಳು. ಆ ಸುತ್ತುಗಳೇ ನಿಮ್ಮ ಪಠ್ಯ. 'ಪ್ರಾಬ್ಲಂ' ಬದಲು ಎಲ್ಲಿ 'ಇಷ್ಯೂ' ಬೇಕು, ಎಲ್ಲಿ 'ಚಾಲೆಂಜ್', ಎಲ್ಲಿ 'ಡ್ರಾಬ್ಯಾಕ್', 'ಪೀಪಲ್' ಅಂದರೆ ಇಲ್ಲಿ ಯಾರು, 'ರೆಸಿಡೆಂಟ್ಸ್' ಇರಬಹುದಾ, 'ಕಮ್ಯೂಟರ್ಸ್' ಇರಬಹುದಾ? ಇವು ಯಾವುದೂ ನಿಮಗೆ ಹೊಸ ಪದ ಅಲ್ಲ. ನೋಡಿದರೆ ಗೊತ್ತಾಗುತ್ತದೆ, ಬರೆಯುವಾಗ ಮಾತ್ರ ಕೈಗೆ ಬರೋದಿಲ್ಲ. ಅರ್ಧ ಗೊತ್ತಿರುವ ಇಂಥ ಪದವನ್ನು ಪೂರ್ತಿ ನಿಮ್ಮದು ಮಾಡಿಕೊಳ್ಳೋದು, ಪೂರ್ತಿ ಗೊತ್ತಿಲ್ಲದ್ದನ್ನು ಬಾಯಿಪಾಠ ಮಾಡೋದಕ್ಕಿಂತ ಎಷ್ಟೋ ಸುಲಭ.

ಇದರ ಮೇಲೆ ಇನ್ನಷ್ಟು ಪದ ಬೇಕು ಅನ್ನುವವರಿಗೆ ಒಂದು ಒಳ್ಳೆಯ ಪಟ್ಟಿ ಇದೆ. ನ್ಯೂಜಿಲೆಂಡಿನ ಆವರಿಲ್ ಕಾಕ್ಸ್‌ಹೆಡ್ ಎಂಬ ಭಾಷಾತಜ್ಞೆ 2000ದಲ್ಲಿ ಪ್ರಕಟಿಸಿದ 'ಅಕಾಡೆಮಿಕ್ ವರ್ಡ್ ಲಿಸ್ಟ್'. ಸುಮಾರು 35 ಲಕ್ಷ ಪದಗಳಷ್ಟು ವಿಶ್ವವಿದ್ಯಾಲಯ ಮಟ್ಟದ ಬರಹ ಜಾಲಾಡಿ, ತೀರಾ ಸಾಮಾನ್ಯವಾದ ಎರಡು ಸಾವಿರ ಪದಗಳನ್ನು ಬಿಟ್ಟು, ಎಲ್ಲ ವಿಷಯಗಳಲ್ಲೂ ಮತ್ತೆ ಮತ್ತೆ ಬರುವ 570 ಪದ ಕುಟುಂಬಗಳನ್ನು ಅವರು ಆರಿಸಿದರು. ಹತ್ತು ಉಪಪಟ್ಟಿಗಳಿವೆ, ಜಾಸ್ತಿ ಬಳಕೆಯವು ಮೊದಲು. ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಮೊದಲ ಉಪಪಟ್ಟಿಯ ಅರವತ್ತರಲ್ಲಿ 'ಅಸೆಸ್', 'ಫ್ಯಾಕ್ಟರ್', 'ಪಾಲಿಸಿ', 'ಸಿಗ್ನಿಫಿಕೆಂಟ್' ತರಹದವು ಇವೆ. ಹೆದರಿಸುವಂಥದ್ದು ಒಂದೂ ಇಲ್ಲ. ಕುಟುಂಬ ಅಂದದ್ದು ಯಾಕೆಂದರೆ 'ಸಿಗ್ನಿಫಿಕೆಂಟ್' ಕಲಿತರೆ 'ಸಿಗ್ನಿಫಿಕೆನ್ಸ್', 'ಸಿಗ್ನಿಫಿಕೆಂಟ್ಲಿ', 'ಇನ್‌ಸಿಗ್ನಿಫಿಕೆಂಟ್' ಎಲ್ಲ ಅದರ ಹಿಂದೆಯೇ ಬರುತ್ತವೆ. ಎರಡು ತಿಂಗಳಿದ್ದರೆ ಮೊದಲ ಮೂರು ಉಪಪಟ್ಟಿ ಸಾಕು. ಉಳಿದದ್ದನ್ನು ಸುಮ್ನೆ ಓದಿಕೊಂಡು ಹೋಗಿ, ರೀಡಿಂಗ್‌ನಲ್ಲಿ ಕಂಡರೆ ಗುರುತು ಸಿಕ್ಕೀತು.

ಈಗ ಮುಖ್ಯವಾದ ಕೆಲಸ, ಜೊತೆ ಕೂಡಿಸುವುದು.

ಕನ್ನಡದಲ್ಲಿ ಕಡುಬಡವ ಅನ್ನುತ್ತೇವೆ, ಕಡುಶ್ರೀಮಂತ ಅನ್ನುವುದಿಲ್ಲ, ಅವನು ಆಗರ್ಭ ಶ್ರೀಮಂತ. ಜಗಳ ಆಡುತ್ತೇವೆ, ಹಠ ಮಾಡುತ್ತೇವೆ, ಸುಳ್ಳು ಹೇಳುತ್ತೇವೆ. ಹೊರಗಿನಿಂದ ಬಂದು ಕನ್ನಡ ಕಲಿತ ಒಬ್ಬರು 'ನಿನ್ನೆ ಅವನ ಜೊತೆ ಜಗಳ ಹೇಳಿದೆ' ಅಂದರೆ ಅರ್ಥ ಆಗುತ್ತದೆ, ಆದರೆ ಕಿವಿಗೆ ಚುಚ್ಚುತ್ತದೆ ಅಲ್ವಾ? ಪರೀಕ್ಷಕರ ಕಿವಿಗೂ ಹಾಗೇ ಚುಚ್ಚುತ್ತದೆ, ನೀವು 'ಸ್ಟ್ರಾಂಗ್ ರೇನ್' ಅಂತ ಬರೆದಾಗ. ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್', ಮಂಜು 'ಥಿಕ್'. ಯಾಕೆ ಅಂತ ಕೇಳಬೇಡಿ, ಬಡವನಿಗೆ ಮಾತ್ರ ಯಾಕೆ ಕಡು ಅಂತ ನನಗೂ ಹೇಳೋಕೆ ಬರೋದಿಲ್ಲ.

ಹಾಗಾಗಿ ನೋಟ್‌ಬುಕ್‌ನಲ್ಲಿ ಒಂದು ಪದಕ್ಕೆ ಅರ್ಧ ಪುಟ ಬಿಡಿ. 'ಇಷ್ಯೂ' ತೆಗೆದುಕೊಳ್ಳಿ. ನಮ್ಮಲ್ಲಿ ಇದು 'ಸುಮ್ನೆ ಇಷ್ಯೂ ಮಾಡ್ಬೇಡ' ಅನ್ನುವಷ್ಟು ಬಳಕೆಯ ಪದ. ಇಂಗ್ಲಿಷ್ ಪ್ರಬಂಧದಲ್ಲಿ ಅದರ ಜೊತೆ ಕೂಡುವ ಪದಗಳೇ ಬೇರೆ. ಅದನ್ನು 'ರೈಸ್' ಮಾಡಬಹುದು, 'ಅಡ್ರೆಸ್' ಮಾಡಬಹುದು, 'ಟ್ಯಾಕಲ್' ಮಾಡಬಹುದು, 'ರಿಸಾಲ್ವ್' ಮಾಡಬಹುದು. ಎತ್ತುವುದು, ಕೈಗೆತ್ತಿಕೊಳ್ಳುವುದು, ಎದುರಿಸುವುದು, ಬಗೆಹರಿಸುವುದು, ನಾಲ್ಕೂ ಬೇರೆ ಬೇರೆ. ಮುಂದೆ ಸೇರುವ ಬಣ್ಣನೆ ಪದ: 'ಪ್ರೆಸಿಂಗ್', 'ಕಾಂಟ್ರವರ್ಷಿಯಲ್', 'ಕಾಂಪ್ಲೆಕ್ಸ್'. ಇಷ್ಟು ಬರೆದಾದ ಮೇಲೆ ನೋಡಿ, ಒಂದು ಪದ ಕಲಿಯೋಕೆ ಕೂತವರಿಗೆ ಎಂಟು ಸಿಕ್ಕಿವೆ. ಅದರಲ್ಲೂ 'ಅಡ್ರೆಸ್' ಅಂದರೆ ನಮಗೆ ಲಕೋಟೆ ಮೇಲೆ ಬರೆಯುವ ವಿಳಾಸ ಮಾತ್ರ ಆಗಿತ್ತು. 'ದಿ ಗವರ್ನ್‌ಮೆಂಟ್ ಮಸ್ಟ್ ಅಡ್ರೆಸ್ ದಿಸ್ ಇಷ್ಯೂ' ಅಂತ ಒಂದು ಸಾಲು ಸಲೀಸಾಗಿ ಬರೆಯೋಕೆ ಬಂದರೆ, ಬಾಯಲ್ಲಿ ತಿರುಗದ ಹತ್ತು ಪದಕ್ಕಿಂತ ಅದು ವಾಸಿ.

ಈ ಜೊತೆಗಾರರು ಎಲ್ಲಿ ಸಿಗುತ್ತಾರೆ? ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಮೂವರದೂ ಕಲಿಯುವವರಿಗಾಗಿಯೇ ಮಾಡಿದ ನಿಘಂಟುಗಳು ಆನ್‌ಲೈನ್‌ನಲ್ಲಿ ಬಿಟ್ಟಿ. ಅರ್ಥ ನೋಡಿ ಮುಚ್ಚಬೇಡಿ, ಕೆಳಗಿನ ಉದಾಹರಣೆ ವಾಕ್ಯ ಓದಿ. ಕೇಂಬ್ರಿಜ್‌ನಲ್ಲಿ ಹಲವು ಪದಗಳ ಪಕ್ಕ ಎ1ರಿಂದ (ಈಗಷ್ಟೇ ಕಲಿಯುವವರದು) ಸಿ2ವರೆಗಿನ (ಪೂರ್ತಿ ಪಳಗಿದವರದು) ಮಟ್ಟದ ಗುರುತೂ ಇರುತ್ತದೆ. ಬಿ2, ಸಿ1 ಅಂತ ಇದ್ದರೆ ಅದು ನಿಮಗೆ ಬೇಕಾದ ಸರಕು. ಇಂಗ್ಲಿಷ್-ಕನ್ನಡ ನಿಘಂಟು ಬೇಡ ಅಂತಲ್ಲ, ಅಲ್ಲಿಗೇ ನಿಂತರೆ ಆ ಕುಖ್ಯಾತ ಮಾವನ ಕತೆ ಆಗುತ್ತದೆ.

ಬರೆದಿಟ್ಟದ್ದು ಮರೆತುಹೋಗುತ್ತದೆ. ಅದಕ್ಕೆ 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತ ಜನಪ್ರಿಯ ಮಾಡಿದ ಡಬ್ಬದ ಉಪಾಯ ಇವತ್ತಿಗೂ ಚೆನ್ನಾಗಿ ನಡೆಯುತ್ತದೆ. ಒಂದು ಚಪ್ಪಲಿ ಡಬ್ಬದಲ್ಲಿ ಐದು ಖಾನೆ ಮಾಡಿ. ಚೀಟಿಗೆ ದುಡ್ಡು ಕೊಡಬೇಡಿ, ಮನೆಯಲ್ಲಿ ಬಿದ್ದಿರುವ ಹಳೇ ಮದುವೆ ಕಾರ್ಡ್ ಕತ್ತರಿಸಿ, ಹಿಂಭಾಗ ಖಾಲಿ ಇರುತ್ತದೆ, ದಪ್ಪಗೂ ಇರುತ್ತದೆ. ಒಂದು ಕಡೆ ಕನ್ನಡದಲ್ಲಿ ಪೂರ್ತಿ ವಾಕ್ಯ ಬರೆಯಿರಿ: 'ಸರ್ಕಾರ ಈ ಸಮಸ್ಯೆಯನ್ನು ಕೈಗೆತ್ತಿಕೊಳ್ಳಬೇಕು.' ಇನ್ನೊಂದು ಕಡೆ ಅದರ ಇಂಗ್ಲಿಷ್. (ಆ ಕಡೆ ಗಣೇಶನ ಚಿತ್ರ ಇದ್ದರೆ ಚಿಕ್ಕ ಚೀಟಿ ಅಂಟಿಸಿ.) ಕನ್ನಡ ಓದಿ ಇಂಗ್ಲಿಷ್ ಹೇಳಬೇಕು, ಉಲ್ಟಾ ಅಲ್ಲ, ಯಾಕೆಂದರೆ ಪರೀಕ್ಷೆಯಲ್ಲಿ ಪದ ಹೊರಗೆ ಬರಬೇಕಾದ್ದು ನಿಮ್ಮೊಳಗಿಂದ. ಸರಿಯಾದರೆ ಚೀಟಿ ಮುಂದಿನ ಖಾನೆಗೆ, ತಪ್ಪಾದರೆ ಮತ್ತೆ ಮೊದಲನೇ ಖಾನೆಗೆ. ಮೊದಲ ಖಾನೆ ದಿನಾ, ಎರಡನೆಯದು ಎರಡು ದಿನಕ್ಕೊಮ್ಮೆ, ಮೂರನೆಯದು ನಾಲ್ಕು ದಿನಕ್ಕೊಮ್ಮೆ, ಹೀಗೆ ಅಂತರ ಹೆಚ್ಚುತ್ತಾ ಹೋಗಲಿ. ದಿನಕ್ಕೆ ಎಂಟು ಹೊಸ ಚೀಟಿ ಸಾಕು. ಫೋನೇ ಬೇಕು ಅನ್ನುವವರಿಗೆ ಆಂಕಿ ಆ್ಯಪ್ ಇದೆ, ಲೆಕ್ಕ ಅದೇ ಇಟ್ಟುಕೊಳ್ಳುತ್ತದೆ. ನನಗೆ ಮಾತ್ರ ಡಬ್ಬ ಇಷ್ಟ, ಅದರಲ್ಲಿ ರೀಲ್ಸ್ ಬರೋದಿಲ್ಲ.

ಕಲಿತ ಪದವನ್ನು ಎಲ್ಲಿ ಇಡಬೇಕು ಅನ್ನೋದೂ ಗೊತ್ತಿರಬೇಕು. ರೈಟಿಂಗ್‌ನಲ್ಲಿ ಗ್ರಾಫ್ ಬಣ್ಣಿಸುವ ಮೊದಲ ಟಾಸ್ಕ್‌ನಲ್ಲಿ ಸಂಖ್ಯೆ 52ರಿಂದ 49ಕ್ಕೆ ಇಳಿದರೆ ಒಬ್ಬ 'ಪ್ಲಮೆಟೆಡ್' ಅಂತ ಬರೆದಿದ್ದ, ಅಂದರೆ ಬಂಡೆ ಉರುಳಿದ ಹಾಗೆ ಪಾತಾಳಕ್ಕೆ. ಮೂರೇ ಮೂರು ಅಂಕಿ ಮಾರಾಯ! 'ಫೆಲ್ ಸ್ಲೈಟ್ಲಿ' ಸಾಕಿತ್ತು. ಸ್ಪೀಕಿಂಗ್‌ನಲ್ಲಿ ಇನ್ನೊಂದು ತರಹದ ತಪ್ಪು, ಪ್ರಬಂಧದ ಪದಗಳನ್ನು ಬಾಯಲ್ಲಿ ತುಂಬಿಕೊಂಡು ಹೋಗೋದು. ಅದು 11ರಿಂದ 14 ನಿಮಿಷದ ಮಾತುಕತೆ, ಭಾಷಣ ಅಲ್ಲ. ಊರಿನ ಮಳೆ ಬಗ್ಗೆ ಕೇಳಿದರೆ 'ಇಟ್ ಪೋರ್ಸ್' ಅನ್ನಿ. ನಾಯಿ-ಬೆಕ್ಕು ಸುರಿಯುವ ನುಡಿಗಟ್ಟನ್ನು ಸ್ಕೂಲಿನಲ್ಲೇ ಬಿಟ್ಟು ಬನ್ನಿ.

ನಮ್ಮ ದೇಶದ ಇಂಗ್ಲಿಷನ್ನೂ ಒಂದು ಸಲ ಜಾಲಿಸಿಕೊಳ್ಳಿ. 'ಐ ಪಾಸ್ಡ್ ಔಟ್ ಇನ್ 2022' ಅಂದರೆ ನಮಗೆ ಡಿಗ್ರಿ ಮುಗಿಯಿತು ಅಂತ, ಹೊರಗಿನವರಿಗೆ ಎಚ್ಚರ ತಪ್ಪಿತು ಅಂತ. 'ಡಿಸ್ಕಸ್ ಅಬೌಟ್'ನಲ್ಲಿ 'ಅಬೌಟ್' ಬೇಡ, 'ಕೋಪ್ ಅಪ್'ನಲ್ಲಿ 'ಅಪ್' ಬೇಡ. 'ಇನ್ಫರ್ಮೇಷನ್', 'ಎಕ್ವಿಪ್‌ಮೆಂಟ್'ಗೆ ಬಹುವಚನ ಇಲ್ಲ.

ಇನ್ನು ಸ್ಪೆಲ್ಲಿಂಗ್. ಲಿಸನಿಂಗ್‌ನಲ್ಲಿ ಉತ್ತರ ಸರಿಯಿದ್ದು ಸ್ಪೆಲ್ಲಿಂಗ್ ತಪ್ಪಿದ್ದರೆ ಅಂಕ ಇಲ್ಲ. ಬ್ರಿಟಿಷ್, ಅಮೆರಿಕನ್ ಎರಡೂ ನಡೆಯುತ್ತವೆ, ಮೂರನೆಯದು ನಡೆಯೋದಿಲ್ಲ. ನನ್ನ ಹತ್ತಿರ ಎಲ್ಲರೂ ಎಡವುವುದು 'ಅಕಾಮಡೇಷನ್'ನಲ್ಲಿ. ಸಿ ಒಂದೋ ಎರಡೋ, ಎಂ ಒಂದೋ ಎರಡೋ? ಕನ್ನಡದವರಿಗೆ ಇದು ಕಷ್ಟವೇ ಆಗಬಾರದು. ಉಳಿಯೋಕೆ ಮನೆ ಅಂದರೆ ಅಲ್ಲಿ ಅಕ್ಕನೂ ಇರಬೇಕು, ಅಮ್ಮನೂ ಇರಬೇಕು. ಅಕ್ಕನಿಗೆ ಕ ಒತ್ತು, ಅಲ್ಲಿ ಸಿ ಎರಡು. ಅಮ್ಮನಿಗೆ ಮ ಒತ್ತು, ಅಲ್ಲಿ ಎಂ ಎರಡು.