ಪೀಣ್ಯದಲ್ಲಿ ಕೂತು ನ್ಯೂಜಿಲ್ಯಾಂಡ್ ಕಾಡಿನ ಲೆಕ್ಕ ಓದಿದ್ದು: ನನ್ನ ಅನುಭವ

2024ರಲ್ಲಿ ಆರು ಲಾರಿ ಲೋಡು ಪೈನ್ ಮರದ ಮೇಲೆ ಘನ ಅಡಿಗೆ ನಲವತ್ತು ರೂಪಾಯಿ ಹತ್ತಿರ ಉಳಿಸಿದೆ. ಯಾರ ಹತ್ತಿರವೂ ಚೌಕಾಸಿ ಮಾಡಿ ಗೆದ್ದಿದ್ದಲ್ಲ. ಯಾವಾಗ ಕೊಳ್ಳಬೇಕು, ಯಾವಾಗ ಸುಮ್ನೆ ಕೂರಬೇಕು ಅನ್ನೋದನ್ನ ನ್ಯೂಜಿಲ್ಯಾಂಡ್ ಸರ್ಕಾರ ಮೂರು ತಿಂಗಳಿಗೊಮ್ಮೆ ಹೊರಡಿಸುವ ಕಾಡಿನ ಲೆಕ್ಕ ನೋಡಿ ತೀರ್ಮಾನ ಮಾಡಿದೆ. ಐದು ವರ್ಷ ಇದರ ಹಿಂದೆ ಬಿದ್ದಿದ್ದೆ. ಎರಡು ಸಲ ಚೆನ್ನಾಗಿ ದುಡ್ಡು ಕಳೆದುಕೊಂಡೆ. ನನ್ನ ಹಾಗೇ ಪ್ಯಾಲೆಟ್ (ಸರಕು ಇಟ್ಟು ಸಾಗಿಸುವ ಮರದ ಅಟ್ಟೆ) ಮಾಡುವ ಗೆಳೆಯರು ಈಗ ಒಬ್ಬೊಬ್ಬರಾಗಿ ಫೋನ್ ಮಾಡಿ ಕೇಳುತ್ತಿದ್ದಾರೆ, ಅದಕ್ಕೇ ಒಂದೇ ಸಲ ಬರೆದುಬಿಡುತ್ತೇನೆ.

ನನಗೆ ತಿಂಗಳಿಗೆ ಎರಡೂವರೆಯಿಂದ ಮೂರು ಸಾವಿರ ಸಿಎಫ್‌ಟಿ, ಅಂದರೆ ಘನ ಅಡಿ, ಮರ ಬೇಕು. ಲೋಡಿಗೆ ಸಾವಿರದ ನೂರೋ ಇನ್ನೂರೋ ಬರುತ್ತದೆ. ಎಲ್ಲರ ಹಾಗೆ ಗುಜರಾತಿನ ಗಾಂಧಿಧಾಮದ ಸಾಮಿಲ್‌ಗಳಿಂದಲೇ ತರಿಸುವುದು. ಕಾಂಡ್ಲಾ ಬಂದರಿನಲ್ಲಿ ದಿಮ್ಮಿ ಇಳಿಯುತ್ತದೆ, ಅಲ್ಲೇ ಕೊಯ್ದು ಕಳಿಸುತ್ತಾರೆ. ರೇಟು ಯಾಕೆ ಏರಿತು ಅಂತ ಕೇಳಿದರೆ ಉತ್ತರ ಯಾವಾಗಲೂ ಒಂದೇ, "ಮಾಲ್ ಶಾರ್ಟೇಜ್". ಇಳಿದಾಗ ಮಾತ್ರ ಯಾರೂ ತಾವಾಗಿ ಫೋನ್ ಮಾಡುವುದಿಲ್ಲ.

2019ರಲ್ಲಿ ಒಂದು ಸಲ ನಾನೇ ಅಲ್ಲಿಗೆ ಹೋಗಿದ್ದೆ. ಯಾರ್ಡಿನಲ್ಲಿ ರಾಶಿ ಹಾಕಿದ್ದ ನ್ಯೂಜಿಲ್ಯಾಂಡ್ ದಿಮ್ಮಿಗಳ ತುದಿಗೆ ಚಿಕ್ಕ ಚೀಟಿ ಹೊಡೆದಿದ್ದರು, ಮೇಲೆ ಬಾರ್‌ಕೋಡ್. ಒಂದನ್ನು ಕಿತ್ತು ನೋಡಿದೆ. ಪೈನ್ ಅಂಟು ಬೆರಳಿಗೆ ಹತ್ತಿ ಸಂಜೆವರೆಗೂ ಹೋಗಲಿಲ್ಲ. ದಿಮ್ಮಿ ದಿಮ್ಮಿಗೂ ನಂಬರ್ ಕೊಡುವ ದೇಶ ಒಟ್ಟು ಎಷ್ಟು ಕಡಿದೆವು, ಎಲ್ಲಿಗೆ ಕಳಿಸಿದೆವು ಅಂತ ಬರೆದಿಡದೆ ಇರುತ್ತದಾ ಅನ್ನಿಸಿತು. ಹುಡುಕಿದೆ. ಎಲ್ಲ ಇದೆ. ಅವರ ಪ್ರಾಥಮಿಕ ಉದ್ಯಮಗಳ ಸಚಿವಾಲಯ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್‌ಗೆ ಮುಗಿಯುವ ನಾಲ್ಕೂ ಕ್ವಾರ್ಟರ್‌ಗೆ ಕಡಿದಿದ್ದೆಷ್ಟು, ಕೊಯ್ದ ಮರ ಎಷ್ಟು, ಕಾಗದಕ್ಕೆ ಹೋಗುವ ಪಲ್ಪ್ ಎಷ್ಟು, ಯಾವ ದೇಶಕ್ಕೆ ಎಷ್ಟು ದಿಮ್ಮಿ ಹೋಯಿತು ಅಂತ ಕೊಡುತ್ತದೆ. ಒಂದು ಪೈಸೆ ಖರ್ಚಿಲ್ಲ.

ಚಿಕ್ಕಪ್ಪನಿಗೆ ತೋರಿಸಿದೆ. ನಮ್ಮ ಸಾಮಿಲ್ ಶುರು ಮಾಡಿದವರು ಅವರೇ, ಮೂವತ್ತೈದು ವರ್ಷದ ಅನುಭವ. "ಅಲ್ಲ ಕಣೋ, ಮೂರು ತಿಂಗಳ ಹಿಂದೆ ಅವರು ಕಡಿದ ಮರದ ಲೆಕ್ಕ ನೋಡಿ ನೀನು ನಾಳೆ ಆರ್ಡರ್ ಹಾಕ್ತೀಯಾ?" ಅಂದರು. ಪ್ರಶ್ನೆ ಸರಿಯಾಗೇ ಇತ್ತು. ಲೆಕ್ಕ ಎರಡು ಮೂರು ತಿಂಗಳು ತಡವಾಗಿಯೇ ಬರುತ್ತದೆ. ಆದರೆ ಆ ಮರ ಹಡಗು ಹತ್ತಿ, ಕಾಂಡ್ಲಾದಲ್ಲಿ ಇಳಿದು, ಕೊಯ್ದು, ಲಾರಿಯಲ್ಲಿ ನನ್ನ ಶೆಡ್ಡಿಗೆ ಬರುವುದೂ ತಡವೇ ಅಲ್ವಾ? ಇದನ್ನು ಅವರಿಗೆ ಒಪ್ಪಿಸಲು ನನಗೆ ಐದು ವರ್ಷ ಬೇಕಾಯಿತು.

ನ್ಯೂಜಿಲ್ಯಾಂಡಿನವರು ಕಡಿಯುವುದು ನಮ್ಮ ಹಾಗೆ ಬೆರಕೆ ಕಾಡಲ್ಲ. ವ್ಯಾಪಾರಕ್ಕಂತ ನೆಟ್ಟ ತೋಪು ಹದಿನೇಳು ಹದಿನೆಂಟು ಲಕ್ಷ ಹೆಕ್ಟೇರ್, ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ರೇಡಿಯಾಟಾ ಪೈನ್. ಇಪ್ಪತ್ತೇಳು ಇಪ್ಪತ್ತೆಂಟು ವರ್ಷಕ್ಕೆ ಕಡಿಯುತ್ತಾರೆ. ವರ್ಷಕ್ಕೆ ಸುಮಾರು 350 ಲಕ್ಷ ಘನ ಮೀಟರ್, ಅಂದರೆ ಕ್ವಾರ್ಟರ್‌ಗೆ 90 ಲಕ್ಷದ ಆಸುಪಾಸು. ಅರ್ಧಕ್ಕಿಂತ ಜಾಸ್ತಿ ಕೊಯ್ಯದೆ ದಿಮ್ಮಿಯಾಗೇ ಹೊರಗೆ ಹೋಗುತ್ತದೆ. ಹಾಗೆ ಹೋಗುವ ಹತ್ತು ದಿಮ್ಮಿಯಲ್ಲಿ ಎಂಟೋ ಒಂಬತ್ತೋ ಚೀನಾಕ್ಕೆ. ಈ ಒಂದು ಸಾಲು ಅರ್ಥವಾದ ದಿನ ನನಗೆ ಅರ್ಧ ಕೆಲಸ ಮುಗಿಯಿತು. ಗಾಂಧಿಧಾಮದ ರೇಟು ಹುಟ್ಟುವುದು ಗಾಂಧಿಧಾಮದಲ್ಲಲ್ಲ, ಚೀನಾದ ಬಂದರುಗಳಲ್ಲಿ. ಅಲ್ಲಿ ದಿಮ್ಮಿ ರಾಶಿ ಬಿದ್ದರೆ ಉರುಗ್ವೆ ಮರ, ಆಸ್ಟ್ರೇಲಿಯಾ ಮರ ಎಲ್ಲದರ ರೇಟೂ ಅಲುಗಾಡುತ್ತದೆ.

ಮೊದಲ ಏಟು 2021ರಲ್ಲಿ ಬಿತ್ತು. ಮಾರ್ಚ್ ಕ್ವಾರ್ಟರ್ ಲೆಕ್ಕ ಬಂತು. ಹಿಂದಿನ ವರ್ಷದ ಮಾರ್ಚ್‌ಗೆ ಹೋಲಿಸಿದರೆ ಕಡಿತ, ಅಂದರೆ ಕಡಿದ ಮರ, ಭಾರೀ ಏರಿತ್ತು. ಮಾಲು ಹೊಳೆಯಾಗಿ ಬರುತ್ತೆ, ರೇಟು ಬೀಳುತ್ತೆ ಅಂತ ಆರ್ಡರ್ ನಿಲ್ಲಿಸಿ ಕೂತೆ. ನಾನು ಮರೆತಿದ್ದು ಏನು ಅಂದರೆ, 2020ರ ಮಾರ್ಚ್ ಕ್ವಾರ್ಟರೇ ಸತ್ತು ಹೋಗಿತ್ತು. ಫೆಬ್ರವರಿಯಲ್ಲಿ ಕೋವಿಡ್‌ನಿಂದ ಚೀನಾದ ಬಂದರುಗಳು ಕಟ್ಟಿಕೊಂಡಿದ್ದವು, ಮಾರ್ಚ್ ಕೊನೆಯ ವಾರ ನ್ಯೂಜಿಲ್ಯಾಂಡೇ ಲಾಕ್‌ಡೌನ್ ಆಗಿ ಕಾಡಿನ ಕೆಲಸ ನಿಂತಿತ್ತು. ಅಂಥ ವರ್ಷದ ಪಕ್ಕ ಇಟ್ಟರೆ ಯಾವ ವರ್ಷವೂ ದೊಡ್ಡದಾಗೇ ಕಾಣುತ್ತದೆ. ನಿಜಕ್ಕೂ ಆಗ ಚೀನಾ ಕೊಟ್ಟಷ್ಟೂ ಎಳೆದುಕೊಳ್ಳುತ್ತಿತ್ತು. ಎ ಗ್ರೇಡ್ ದಿಮ್ಮಿ ಅಲ್ಲಿ ಘನ ಮೀಟರ್‌ಗೆ 200 ಡಾಲರ್ ಹತ್ತಿರ ಮುಟ್ಟಿತ್ತು, ಹಡಗಿನ ಬಾಡಿಗೆ ಬೇರೆ ಬೆಂಕಿ. ಜುಲೈ ಕೊನೆಗೆ ಶೆಡ್ಡು ಖಾಲಿ. ಕಂಪನಿಗಳಿಗೆ ಡೇಟ್ ಕೊಟ್ಟಾಗಿತ್ತು. ಸಿಕ್ಕ ರೇಟಿಗೆ ಮೂರು ಲೋಡು ತರಿಸಿದೆ. ನೆನಪಿನಿಂದ ಹೇಳುವುದಾದರೆ ಎರಡೂವರೆ ಲಕ್ಷ ಕೈಬಿಟ್ಟಿತು.

ಅವತ್ತಿನಿಂದ 2020 ಅನ್ನು ಪುಸ್ತಕದಲ್ಲಿ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದ್ದೇನೆ. ಈಗ ಜೂನ್ ಕ್ವಾರ್ಟರ್ ಬಂದರೆ ಅದನ್ನು ಹಳೆಯ ನಾಲ್ಕೈದು ಜೂನ್ ಕ್ವಾರ್ಟರ್‌ಗಳ ಸರಾಸರಿ ಪಕ್ಕ ಇಡುತ್ತೇನೆ. ಹಿಂದಿನ ಕ್ವಾರ್ಟರ್ ಜೊತೆ ನೇರವಾಗಿ ಹೋಲಿಸುವುದೇ ಇಲ್ಲ. ಅವರಿಗೆ ಕ್ರಿಸ್‌ಮಸ್‌ನಿಂದ ಜನವರಿವರೆಗೆ ಬೇಸಿಗೆ ರಜೆ, ಕಡಿಯುವ ತಂಡಗಳು ಮನೆಗೆ ಹೋಗುತ್ತವೆ. ಚೀನಾಕ್ಕೂ ಅದರ ಹಿಂದೆಯೇ ಹೊಸ ವರ್ಷ ಬರುತ್ತದೆ, ಸಾಮಿಲ್ ಮುಚ್ಚುತ್ತವೆ, ಬಂದರಿನಲ್ಲಿ ದಿಮ್ಮಿ ಏರುತ್ತದೆ. ಮಾರ್ಚ್ ಕ್ವಾರ್ಟರ್ ಇಳಿದರೆ ಅದು ಸುದ್ದಿಯೇ ಅಲ್ಲ. ಇನ್ನೊಂದು, ಮೊದಲು ಬರುವ ಅಂಕಿ ತಾತ್ಕಾಲಿಕ. ಆಮೇಲೆ ತಿದ್ದುತ್ತಾರೆ. ನಾನು ಎರಡನ್ನೂ ಬರೆದಿಡುತ್ತೇನೆ, ಯಾವ ಕಡೆಗೆ ತಿದ್ದಿದರು ಅನ್ನೋದೂ ಒಂದು ಸುಳಿವು.

ಎರಡನೇ ಏಟು ಇನ್ನೂ ನೋವಿನದು, ಯಾಕೆಂದರೆ ಆಗ ನನ್ನ ಲೆಕ್ಕ ಸರಿ ಇತ್ತು. 2023. ಚೀನಾದಲ್ಲಿ ಮನೆ ಕಟ್ಟುವುದು ಕುಸಿದಿತ್ತು, ವರ್ಷದ ಮಧ್ಯದಲ್ಲಿ ದಿಮ್ಮಿ 110 ಡಾಲರ್‌ಗಿಂತ ಕೆಳಗೆ ಬಂತು. ಎರಡು ವರ್ಷದ ಹಿಂದೆ ಇದ್ದಿದ್ದರ ಅರ್ಧ. ನಾನು ಖುಷಿಯಿಂದ ಕಾದೆ. ಗಾಂಧಿಧಾಮದಲ್ಲಿ ರೇಟು ಮಾತ್ರ ನನ್ನ ಲೆಕ್ಕದ ಹತ್ತಿರಕ್ಕೂ ಬರಲಿಲ್ಲ. ಆಮೇಲೆ ತಿಳಿದಿದ್ದು, ಆ ವರ್ಷದ ಜನವರಿಯಿಂದ ನ್ಯೂಜಿಲ್ಯಾಂಡ್ ಹಡಗಿನ ಒಡಲಿಗೆ ಹುಳ ಕೊಲ್ಲುವ ಮಿಥೈಲ್ ಬ್ರೋಮೈಡ್ ಹೊಗೆ ಹಾಕುವುದನ್ನು ನಿಲ್ಲಿಸಿತ್ತು. ನಮ್ಮ ದೇಶಕ್ಕೆ ಆ ಹೊಗೆಯೇ ಬೇಕಿತ್ತು. ಹಾಗಾಗಿ ಮರ ಅಗ್ಗ, ಆದರೆ ಆ ಮರ ಇಲ್ಲಿಗೆ ಬರುವ ಹಾಗಿಲ್ಲ. ನಾನು ಕಡಿತದ ಸಾಲು ನೋಡುತ್ತಿದ್ದೆ, ಚೀನಾದ ಸಾಲು ನೋಡುತ್ತಿದ್ದೆ, ಅದೇ ಹಾಳೆಯಲ್ಲಿ ಕೆಳಗಿದ್ದ ಇಂಡಿಯಾದ ಸಾಲು ನೋಡಿರಲಿಲ್ಲ. ಅದು ಒಣಗಿ ಹೋಗಿತ್ತು. ಕಣ್ಣೆದುರೇ ಇತ್ತು. 2024ರಲ್ಲಿ ಅದರ ಬದಲಿಗೆ ಫಾಸ್ಫೀನ್ ಹೊಗೆಗೆ ನಮ್ಮವರು ಒಪ್ಪಿದ ಮೇಲೆ ಆ ದಾರಿ ಮತ್ತೆ ತೆರೆಯಿತು.

ಆ ಸಲ ಕಾದು ಸುಸ್ತಾಗಿ ಮಳೆಗಾಲದಲ್ಲೇ ನಾಲ್ಕು ಲೋಡು ಬೇರೆ ದೇಶದ ಹಸಿ ಮಾಲು ಒಟ್ಟಿಗೇ ತರಿಸಿದ್ದೆ. ಜಾಗ ಇಲ್ಲ ಅಂತ ಎರಡು ಲೋಡು ಹೊರಗೆ ಟಾರ್ಪಾಲ್ ಕೆಳಗೆ ಇಟ್ಟೆ. ಹನ್ನೆರಡು ದಿನ ಆದ ಮೇಲೆ ಟಾರ್ಪಾಲ್ ಎತ್ತಿದರೆ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಹಲಗೆಗಳ ನಡುವೆ ಗಾಳಿಯಾಡಲು ರೀಪು (ತೆಳು ಮರದ ಪಟ್ಟಿ) ಕೊಟ್ಟಿರಲಿಲ್ಲ. ಬಿಳಿ ಹಲಗೆ ಮೇಲೆ ಯಾರೋ ಇಂಕು ಚೆಲ್ಲಿ ಒರೆಸಿದ ಹಾಗೆ ನೀಲಿ ಗೆರೆ, ಅಂಚಿನಲ್ಲಿ ಕಪ್ಪು ಬೂಷ್ಟು. ನೀಲಿ ಕಲೆಯಿಂದ ಬಲ ಕಡಿಮೆಯಾಗುವುದಿಲ್ಲ, ಅದು ನಿಮಗೂ ಗೊತ್ತು. ಹುಳ ಸಾಯಲೆಂದು ಮಾಡುವ ಹೀಟ್ ಟ್ರೀಟ್‌ಮೆಂಟ್‌ನಲ್ಲಿ 56 ಡಿಗ್ರಿ ಮೂವತ್ತು ನಿಮಿಷ ತಿರುಳಿಗೆ ತಾಗಿಸಿ ಮುದ್ರೆ ಹೊಡೆದರೂ ಕಲೆ ಹಾಗೇ ಇರುತ್ತದೆ. ಔಷಧಿ ಪೆಟ್ಟಿಗೆ ಕಳಿಸುವ ಗಿರಾಕಿ ನೋಡಿದ ಕೂಡಲೇ ವಾಪಸ್ ಕಳಿಸಿದರು. ಎಂಟುನೂರು ಅಡಿಯಷ್ಟು ಒಳಗಿನ ಕಟ್ಟಿಗೆಗೆ, ಬ್ಲಾಕಿಗೆ ಬಳಸಿ ಹೇಗೋ ಖಾಲಿ ಮಾಡಿದೆ. ಅಗ್ಗಕ್ಕೆ ಕೊಂಡರೆ ಸಾಲದು, ಇಡಲು ಗಾಳಿಯಾಡುವ ಜಾಗ ಇರಬೇಕು. ಈಗ ಜಾಸ್ತಿ ಕೊಳ್ಳುವ ಮುಂಚೆ ಶೆಡ್ಡಿನ ಬಾಡಿಗೆ, ಬ್ಯಾಂಕ್ ಬಡ್ಡಿ ಎರಡನ್ನೂ ಅಡಿಗೆ ಹಂಚಿ ಬರೆದುಕೊಳ್ಳುತ್ತೇನೆ. ನನಗೆ ತಿಂಗಳಿಗೆ ಅಡಿಗೆ ಆರು ಏಳು ರೂಪಾಯಿ ಬೀಳುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಇಟ್ಟರೆ ಲಾಭ ಅದರಲ್ಲೇ ಹೋಗುತ್ತದೆ.

ನಡುವೆ ಬೇರೆ ದಾರಿಗಳನ್ನೂ ನೋಡಿದೆ. ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಸಿಲ್ವರ್ ಓಕ್ ಎರಡು ಲೋಡು ತರಿಸಿ ಪ್ಯಾಲೆಟ್ ಮಾಡಿದೆ. ಮೊಳೆ ಚೆನ್ನಾಗಿ ಹಿಡಿಯುತ್ತದೆ, ರೇಟೂ ಕಡಿಮೆ. ಆದರೆ ಹಸಿಯಲ್ಲಿ ಕೊಯ್ದರೆ ಒಣಗುವಾಗ ತಿರುಚಿಕೊಳ್ಳುತ್ತದೆ. ಮೇಲಿನ ಹಲಗೆಗೆ ಆಗುವುದಿಲ್ಲ, ಕೆಳಗಿನ ಬ್ಲಾಕಿಗೆ ಈಗಲೂ ಬಳಸುತ್ತೇನೆ. ರಬ್ಬರ್ ಮರವೂ ಆಯಿತು, ಔಷಧಿ ಹೊಡೆಯದಿದ್ದರೆ ಹುಳ ಹಿಟ್ಟು ಮಾಡುತ್ತದೆ. ಇಬ್ಬರು ಗೆಳೆಯರ ಜೊತೆ ಸೇರಿ ಮಂಗಳೂರು ಬಂದರಿಗೆ ಕೊಯ್ದ ಪೈನ್ ಎರಡು ಕಂಟೇನರ್ ನೇರವಾಗಿ ತರಿಸಿದ್ದೂ ಇದೆ. ಮರ ಬಂಗಾರದ ಹಾಗಿತ್ತು. ಕಾಗದ ಪತ್ರದಲ್ಲಿ ಏಜೆಂಟರು ಮಾಡಿದ ತಪ್ಪಿಗೆ ಒಂಬತ್ತು ದಿನ ಡೆಮರೇಜ್, ಅಂದರೆ ತಡವಾದ ದಿನಗಳ ದಂಡ, ಕಟ್ಟಿದೆವು. ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು.

ನಿಜವಾದ ಬೀಗದ ಕೈ ಸಿಕ್ಕಿದ್ದು 2023ರ ಕೊನೆಗೆ, ಹಳೆಯ ಅಂಕಿಗಳನ್ನೆಲ್ಲ ಉದ್ದನೆ ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದು ನೋಡುತ್ತಿದ್ದಾಗ. ನ್ಯೂಜಿಲ್ಯಾಂಡ್‌ನಲ್ಲಿ ದೊಡ್ಡ ಕಂಪನಿ ತೋಪುಗಳಿವೆ, ಅವು ರೇಟು ಇದ್ದರೂ ಬಿದ್ದರೂ ಕಡಿಯುತ್ತಿರುತ್ತವೆ. ಜೊತೆಗೆ ಕುರಿ, ದನ ಸಾಕುವ ರೈತರ ಚಿಕ್ಕ ಚಿಕ್ಕ ತೋಪುಗಳಿವೆ. ಅಡಿಕೆ ರೇಟು ಬಿದ್ದಾಗ ನಮ್ಮ ತೋಟದವರು ಮಂಡಿಗೆ ಹಾಕದೆ ಮನೆಯಲ್ಲೇ ಇಟ್ಟುಕೊಳ್ಳುತ್ತಾರಲ್ಲ, ಹಾಗೇ ಅವರು. ಇನ್ನೂ ಒಳ್ಳೆಯದು, ನಿಂತ ಮರ ಸುಮ್ಮನಿರುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ರೇಟು ಬಿತ್ತು ಅಂದರೆ ಮೊದಲು ಅವರ ಗರಗಸ ನಿಲ್ಲುತ್ತದೆ. ಆ ನಿಂತದ್ದು ಕಡಿತದ ಸಾಲಿನಲ್ಲಿ ಕಾಣಿಸಿಕೊಂಡರೆ ಅಗ್ಗದ ಕಾಲ ಮುಗಿಯುತ್ತಾ ಬಂತು ಅಂತ ಅರ್ಥ. ಅಂದರೆ ನಾನು ಇಷ್ಟು ದಿನ ತಲೆಕೆಳಗಾಗಿ ಓದುತ್ತಿದ್ದೆ. ಕಡಿತ ಜಾಸ್ತಿಯಾಯಿತು, ಕಾಯೋಣ ಅಂತಿದ್ದೆ. ಮಾಡಬೇಕಿದ್ದು, ಚೀನಾಕ್ಕೆ ಹೋಗುವುದು ಕುಗ್ಗಿ, ಕಡಿತ ಇನ್ನೂ ಕುಗ್ಗದೆ ಇರುವಾಗ ಕೈಯಿಂದ ಬಾಯಿಗೆ ಅನ್ನುವಷ್ಟೇ ಕೊಳ್ಳುವುದು, ಕಡಿತ ಬಗ್ಗಲು ಶುರುವಾದ ಕೂಡಲೇ ಶೆಡ್ಡು ತುಂಬುವುದು.

ಒಂದೇ ಕ್ವಾರ್ಟರ್ ನಂಬಬೇಡಿ. ಕೊನೆಯ ನಾಲ್ಕು ಕ್ವಾರ್ಟರ್ ಕೂಡಿಸಿ, ಹೊಸದು ಬಂದಾಗ ಹಳೆಯದೊಂದನ್ನು ಕಳೆಯುತ್ತಾ ಹೋಗಿ. ಆಗ ರಜೆ, ಮಳೆ, ಹಬ್ಬ ಎಲ್ಲ ಸಮ ಆಗುತ್ತದೆ. ಚಂಡಮಾರುತದಂಥದ್ದನ್ನು ಮಾತ್ರ ಬೇರೆ ಗುರುತು ಮಾಡಿ. 2023ರ ಫೆಬ್ರವರಿಯಲ್ಲಿ ಗೇಬ್ರಿಯೆಲ್ ಬಂದು ಗಿಸ್ಬೋರ್ನ್ ಕಡೆ ರಸ್ತೆ, ಸೇತುವೆ ಕೊಚ್ಚಿ ಹೋದವು, ಟೌಪೋ ಕಡೆ ತೋಪುಗಳು ಸಾಲು ಸಾಲಾಗಿ ಮಲಗಿದವು. ಬಿದ್ದ ಮರ ಕೆಡುವ ಮುಂಚೆ ತೆಗೆಯಲೇಬೇಕು, ಹಾಗಾಗಿ ಅಲ್ಲಿನ ಕಡಿತವನ್ನು ರೇಟಿಗೆ ಜೋಡಿಸಿ ಓದಿದರೆ ದಾರಿ ತಪ್ಪುತ್ತದೆ.

ಇದರ ಜೊತೆಗೆ ಕಾಂಡ್ಲಾದ ಹಡಗಿನ ಪಟ್ಟಿ ನೋಡುತ್ತೇನೆ. ಯಾವ ಹಡಗು ನಿಂತಿದೆ, ಏನು ಇಳಿಸುತ್ತಿದೆ ಅಂತ ಬಂದರಿನವರೇ ಹಾಕುತ್ತಾರೆ. ಮೂರು ತಿಂಗಳ ಲೆಕ್ಕದಿಂದ ಗಾಳಿ ಯಾವ ಕಡೆ ಅಂತ ತಿಳಿಯುತ್ತದೆ, ಹಡಗಿನ ಪಟ್ಟಿಯಿಂದ ಯಾವ ವಾರ ಅಂತ ತಿಳಿಯುತ್ತದೆ. ಲೆಕ್ಕ ಬಂದ ಎಷ್ಟನೇ ವಾರಕ್ಕೆ ಗಾಂಧಿಧಾಮ ಅಲುಗುತ್ತದೆ, ಯಾವ ಎರಡು ಸಾಲುಗಳನ್ನು ಒಂದರಿಂದ ಒಂದು ಭಾಗಿಸಿ ನೋಡುತ್ತೇನೆ ಅನ್ನೋದನ್ನ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಐದು ಲಕ್ಷ ಫೀಸು ಕಟ್ಟಿದ್ದೇನೆ. ಹಳೆಯ ಅಂಕಿಗಳನ್ನು ಕೈಯಲ್ಲೇ ಬರೆದು ಕೂತರೆ ನಿಮಗೂ ಸಿಗುತ್ತದೆ.

2024ರ ಕಥೆ ಚಿಕ್ಕದು. ವರ್ಷದ ಆರಂಭದಲ್ಲಿ ಚೀನಾ ರೇಟು ಚೆನ್ನಾಗಿತ್ತು, ಮಧ್ಯಕ್ಕೆ ಬರುವಷ್ಟರಲ್ಲಿ ಇಳಿಯಿತು. ಏಪ್ರಿಲ್‌ನಿಂದ ನಾನು ಒಂದೊಂದೇ ಲೋಡು ತರಿಸಿದೆ. ಪಕ್ಕದ ಶೆಡ್ಡಿನವರು ಅದೇ ಹೊತ್ತಿಗೆ ಎಂಟು ಲೋಡು ಬುಕ್ ಮಾಡಿ, "ಈಗ ತಗೊಳ್ಳಿಲ್ಲಾಂದ್ರೆ ಆಮೇಲೆ ಅಳ್ತೀರಾ ನೋಡಿ" ಅಂದಿದ್ದರು. ಕೆಂಪು ಸಮುದ್ರದ ಗಲಾಟೆಯಿಂದ ಯುರೋಪಿನ ಸ್ಪ್ರೂಸ್‌ಗೆ ಬಾಡಿಗೆ ಏರಿತ್ತು, ಎಲ್ಲರೂ ಗಾಬರಿಯಲ್ಲಿದ್ದರು. ನನ್ನ ಪುಸ್ತಕದಲ್ಲಿ ಕಡಿತ, ಚೀನಾ, ಇಂಡಿಯಾ ಮೂರೂ ಕಾಲಂ ಒಂದೇ ಕಡೆ ವಾಲುವವರೆಗೆ ನಾನು ಅಲುಗಲಿಲ್ಲ. ಆಮೇಲೆ ಮೂರು ವಾರದಲ್ಲಿ ಆರು ಲೋಡು, ಪೂರ್ತಿ ಅಡ್ವಾನ್ಸ್ ಕೊಟ್ಟು. ಏಳು ಸಾವಿರ ಅಡಿ. ಉಳಿದದ್ದು ಎರಡು ಲಕ್ಷ ಎಂಬತ್ತು ಸಾವಿರದಷ್ಟು, ಬಡ್ಡಿ ಬಾಡಿಗೆಗೆ ಎಪ್ಪತ್ತೋ ಎಂಬತ್ತೋ ಸಾವಿರ ಹೋಯಿತು. ಈ ಸಲ ಪ್ರತಿ ಸಾಲಿನ ನಡುವೆಯೂ ರೀಪು ಕೊಟ್ಟಿದ್ದೆ, ಒಂದು ಹಲಗೆಗೂ ನೀಲಿ ಹತ್ತಲಿಲ್ಲ.

ಕೊನೆಯ ಲೋಡು ಇಳಿಯುವಾಗ ಚಿಕ್ಕಪ್ಪ ಬಂದಿದ್ದರು. ಒಂದು ಹಲಗೆ ಎತ್ತಿ ಮೂಸಿ ನೋಡಿದರು, ಅವರ ಅಭ್ಯಾಸ ಅದು. ಆಮೇಲೆ ನೋಟ್‌ಬುಕ್ ಕೇಳಿ ತಗೊಂಡು, ಕನ್ನಡಕ ಹಾಕಿಕೊಂಡು, ಡಿಸೆಂಬರ್ ಕ್ವಾರ್ಟರ್‌ನ ಕಾಲಂ ಯಾಕೆ ಇನ್ನೂ ಖಾಲಿ ಬಿಟ್ಟಿದ್ದೀಯ ಅಂತ ಕೇಳಿದರು.