ಗಸಿ ತಳ ಸೇರುವವರೆಗೆ: 1959ರ ಒಂದು ಜರ್ಮನ್ ಕೆಂಪು ವೈನ್

ಮೂರು ದಿನ ಅಡುಗೆಮನೆಯ ಮೂಲೆಯಲ್ಲಿ ಆ ಬಾಟಲಿ ನೆಟ್ಟಗೆ ನಿಂತಿತ್ತು. ಯಾರೂ ಮುಟ್ಟಬಾರದೆಂದು ಮನೆಯಲ್ಲಿ ಹೇಳಿಟ್ಟಿದ್ದೆ. ಲೇಬಲ್ಲಿನ ಮೇಲೆ 1959 ಎಂಬ ಇಸವಿ, ಆಸ್ಮನ್ಸ್‌ಹೌಸನ್ ಊರಿನ ಹೊಲ್ಲೆನ್‌ಬೆರ್ಗ್ ತೋಟದ ಹೆಸರು, ದ್ರಾಕ್ಷಿ ಶ್ಪೇಟ್‌ಬುರ್ಗುಂಡರ್. ಫ್ರಾನ್ಸಿನವರು ಪೀನೋ ನ್ವಾರ್ ಎನ್ನುವ ಜಾತಿಯೇ ಇದು. ಪಕ್ಕದಲ್ಲಿ ‘ನಾಟೂರ್’ ಎಂದಿತ್ತು. ರಸ ಹುದುಗುವಾಗ ಸಕ್ಕರೆ ಬೆರೆಸಿಲ್ಲ ಎಂದು ಅದರ ಅರ್ಥ. 1971ರ ವೈನ್ ಕಾನೂನಿನ ನಂತರ ಆ ಪದ ಲೇಬಲ್ಲುಗಳಿಂದ ಮರೆಯಾಯಿತು.

ನಾನು ಜರ್ಮನಿಯ ಮೈನ್ಝ್ ನಗರದ ವೈನ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಗಿರಾಕಿಯೊಬ್ಬರು ತಂದೆಯ ನೆಲಮಾಳಿಗೆ ಖಾಲಿ ಮಾಡುವಾಗ ಇಂಥ ಎರಡು ಬಾಟಲಿಗಳನ್ನು ನನಗೆ ಕೊಟ್ಟಿದ್ದರು. ಮೊದಲನೆಯದನ್ನು ಮನೆಗೆ ತಂದ ಸಂಜೆಯೇ ತೆರೆದುಬಿಟ್ಟೆ. ರೈಲಿನಲ್ಲಿ ಕುಲುಕಿ ಗಸಿಯೆಲ್ಲ ಎದ್ದಿತ್ತು, ಸಾಮಾನ್ಯ ತಿರುಪಿಗೆ ಸಿಕ್ಕ ಕಾರ್ಕ್ ಪುಡಿಯಾಗಿ ಒಳಗೆ ಬಿತ್ತು. ಗ್ಲಾಸಿಗೆ ಬಂದದ್ದು ಕೆಸರು ನೀರು. ಅಷ್ಟು ವರ್ಷ ಕಾದಿದ್ದ ವಸ್ತುವನ್ನು ಒಂದು ಸಂಜೆ ಕಾಯಲಾರದೆ ಹಾಳು ಮಾಡಿದ ಸಂಕಟ ಬಹಳ ದಿನ ಹೋಗಲಿಲ್ಲ.

ಎರಡನೆಯದನ್ನು ತೆರೆಯುವ ಮೊದಲು ಒಂದು ಭಾನುವಾರ ಆ ತೋಟವನ್ನೇ ನೋಡಿ ಬಂದೆ. ಪಶ್ಚಿಮಕ್ಕೆ ಹರಿಯುವ ರೈನ್ ನದಿ ರ‍್ಯೂಡೆಸ್‌ಹೈಮ್ ದಾಟಿ ಉತ್ತರಕ್ಕೆ ಹೊರಳುತ್ತದೆ. ಹೊರಳಿದ ಕೂಡಲೇ ಬಲದಂಡೆಯಲ್ಲಿ ಆಸ್ಮನ್ಸ್‌ಹೌಸನ್. ರೀಸ್ಲಿಂಗ್ ದ್ರಾಕ್ಷಿಯ ಬಿಳಿ ವೈನಿಗೆ ಹೆಸರಾದ ರೈನ್‌ಗೌ ಸೀಮೆಯಲ್ಲಿ ಕೆಂಪು ವೈನಿನಿಂದ ಹೆಸರು ಮಾಡಿದ ಊರು ಇದು. ‘ಹೊಲ್ಲೆ’ ಎಂದರೆ ಇಂದಿನ ಜರ್ಮನ್‌ನಲ್ಲಿ ನರಕ, ಆದರೆ ತೋಟದ ಹೆಸರು ಕಡಿದಾದ ಇಳಿಜಾರು ಎಂಬ ಹಳೆಯ ಮಾತಿನಿಂದ ಬಂದದ್ದು. ನೈಋತ್ಯಕ್ಕೆ ಮುಖ ಮಾಡಿದ ಆ ಇಳಿಜಾರಿನಲ್ಲಿ ಕಾಲಡಿಯ ಪದರಗಲ್ಲು ಮಧ್ಯಾಹ್ನದ ಬಿಸಿಲಿಗೆ ಕಾದು ಅಂಗೈಗೆ ಬೆಚ್ಚಗೆ ತಾಗಿತು. ಬಿಸಿಲು ತುಂಬಿ ಸುರಿದ 1959ರಲ್ಲಿ ಇಲ್ಲಿಯ ಹಣ್ಣು ಹೇಗೆ ಮಾಗಿರಬೇಕೆಂದು ಆಗ ಅಂದಾಜಾಯಿತು.

ಈ ಸಲ ತಿರುಪು ಮುಟ್ಟಲಿಲ್ಲ. ಕಾರ್ಕಿನ ಎರಡೂ ಬದಿಗೆ ತೆಳುವಾದ ಅಲಗುಗಳನ್ನು ಇಳಿಸುವ ಚಿಮಟದಂಥ ಸಾಧನ ತಂದಿದ್ದೆ. ಮೇಲಿನ ಕಪ್ಪು ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಅಲಗನ್ನು ಕೂದಲೆಳೆಯಷ್ಟು ಒತ್ತುವುದು, ಇನ್ನೊಂದನ್ನು ಅಷ್ಟೇ ಒತ್ತುವುದು. ಹತ್ತು ನಿಮಿಷ ಹಿಡಿಯಿತು. ಕಾರ್ಕ್ ಇಡಿಯಾಗಿ ಬಂತು. ಕತ್ತಿನ ಕೆಳಗೆ ಮೊಬೈಲ್ ದೀಪ ಹಿಡಿದು, ಬಾಟಲಿಯನ್ನು ಒಂದೇ ಓರೆಯಲ್ಲಿಟ್ಟು ಬಗ್ಗಿಸಿದೆ. ಗಸಿಯ ಕಪ್ಪು ಎಳೆ ಕತ್ತಿನತ್ತ ತೆವಳಿದ್ದು ಕಂಡೊಡನೆ ನಿಲ್ಲಿಸಿದೆ.

ಬಣ್ಣ ತೊಳೆದ ಹೆಂಚಿನದು, ಅಂಚಿನಲ್ಲಿ ಜೇನಿನ ಹಳದಿ. ಮೊದಲ ವಾಸನೆ ಒದ್ದೆ ಗೋಣಿಚೀಲದ್ದು. ಇಲ್ಲಿ ಹೆದರಿ ಚೆಲ್ಲಬಾರದು. ಕಾಲು ಗಂಟೆಯಲ್ಲಿ ಆ ಮುಗ್ಗಲು ಹರಿದು, ಮೊದಲ ಮಳೆ ಬಿದ್ದ ಕಾಡಿನ ತರಗೆಲೆ, ಅಣಬೆ, ಆಮೇಲೆ ಒಣಗಿಸಿದ ಮುರುಗಲ ಸಿಪ್ಪೆಯ ಪರಿಮಳ ಎದ್ದಿತು. ಬಾಯಲ್ಲಿ ಹುಳಿ ಇನ್ನೂ ಚುರುಕಾಗಿತ್ತು. ಇಷ್ಟು ಕಾಲ ವೈನನ್ನು ಕಾಯ್ದದ್ದರಲ್ಲಿ ಅದರ ಪಾಲು ದೊಡ್ಡದು. ಆದರೆ ಒಗರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ತೀರ್ಥಹಳ್ಳಿ ಕಡೆಯ ಅಡಿಕೆ ಮನೆಯಲ್ಲಿ ಬೆಳೆದ ನನಗೆ ಒಗರೆಂದರೆ ಚೊಗರು. ಅಡಿಕೆ ಬೇಯಿಸಿದ ಹಂಡೆಯ ಆ ದಟ್ಟ ಕೆಂಪು ನೀರು ಬೆರಳಿಗೆ ಅಂಟಿದರೆ ದಿನಗಟ್ಟಲೆ ಹೋಗದು. ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವುದೂ ಅದರ ಬಳಗದ ಟ್ಯಾನಿನ್‌ಗಳೇ. ಅವು ಬಣ್ಣದ ಕಣಗಳ ಜೊತೆ ನಿಧಾನಕ್ಕೆ ಹೆಣೆದುಕೊಂಡು, ದೊಡ್ಡವಾಗಿ, ಭಾರಕ್ಕೆ ತಳ ಸೇರುತ್ತವೆ. ಅದಕ್ಕೇ ಹಳೆಯ ಕೆಂಪು ವೈನ್ ಬಣ್ಣದಲ್ಲಿ ತೆಳುವಾಗುತ್ತದೆ, ನಾಲಿಗೆಗೆ ಮೆದುವಾಗುತ್ತದೆ.

ನಲವತ್ತು ನಿಮಿಷಕ್ಕೆ ಪರಿಮಳ ಇಳಿಯತೊಡಗಿತು. ಇಷ್ಟು ಹಳೆಯದನ್ನು ಗಂಟೆಗಟ್ಟಲೆ ಮೊದಲೇ ಹೂಜಿಗೆ ಸುರಿದಿಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಗಾಳಿಗೆ ಕೊಟ್ಟ ಅಷ್ಟೂ ಹೊತ್ತು ನಮ್ಮ ಪಾಲಿಗೆ ನಷ್ಟ.

ಕೊನೆಗೆ ಬಾಟಲಿಯ ತಳದಲ್ಲಿ ಉಳಿದದ್ದನ್ನು ಬಿಳಿ ತಟ್ಟೆಗೆ ಬಗ್ಗಿಸಿದೆ. ಕಾಡಿಗೆಯಷ್ಟು ನುಣುಪಾದ ಕಂದು ಗಸಿ. ಬೆರಳಿನಿಂದ ತುಸು ಎತ್ತಿ ನಾಲಿಗೆಗೆ ಹಚ್ಚಿಕೊಂಡೆ. ಗ್ಲಾಸಿನಲ್ಲಿ ಕಾಣದಿದ್ದ ಒಗರು ಅಲ್ಲಿತ್ತು. ಬಾಯಿ ಕಟ್ಟಿತು, ಎಳೆ ಅಡಿಕೆ ಜಗಿದ ಹಾಗೆ.